ಎರಡೇ ಸುತ್ತಿಗೆ ಬಿಗಿದು ನಿಂತ ಗೇರ್ ನಾಬ್

ಪ್ರಶ್ನೆ: ನನ್ನ ಮ್ಯಾನುಯಲ್ ಗೇರಿನ ಕಾರಿನ ನಾಬ್‌ಗೆ ಹೊದಿಸಿದ್ದ ಚರ್ಮ ಸುಲಿದು ಹೋಗಿದೆ. ಅದರ ಬದಲಿಗೆ ಹಾಕಲೆಂದು ಸುಮಾರು ಅರ್ಧ ಕಿಲೋ ತೂಗುವ ಗುಂಡನೆಯ ಉಕ್ಕಿನ ನಾಬ್ ತರಿಸಿದ್ದೇನೆ. ಹಳೆಯದು ಕೈಯಲ್ಲೇ ತಿರುಗಿ ಬಿಚ್ಚಿಕೊಂಡಿತು. ಹೊಸದು ಮಾತ್ರ ಎರಡು ಸುತ್ತು ಹೋಗಿ ಬಿಗಿದುಕೊಳ್ಳುತ್ತದೆ. ಬಲ ಹಾಕಿ ತಿರುಗಿಸಿದರೆ ಕೂರುತ್ತದೆಯೇ? ರಿವರ್ಸ್ ಹಾಕುವಾಗ ಮೇಲಕ್ಕೆತ್ತುವ ರಿಂಗ್ ಲಿವರ್‌ನಲ್ಲಿದೆ. ಹೊಸ ನಾಬ್ ಜೊತೆ ಅದು ಕೆಲಸ ಮಾಡುತ್ತದೆಯೇ? ಭಾರದ ನಾಬ್ ಹಾಕಿದರೆ ಗೇರ್‌ಬಾಕ್ಸ್ ಸವೆದುಹೋಗುತ್ತದೆ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಅದರಲ್ಲಿ ನಿಜವೆಷ್ಟು?

ಉತ್ತರ: ಮೊದಲನೆಯದಾಗಿ, ದಯವಿಟ್ಟು ಬಲ ಹಾಕಬೇಡಿ. ಎರಡು ಸುತ್ತಿಗೆ ನಿಂತಿದೆ ಎಂದರೆ ಹೆಚ್ಚಿನ ಪಕ್ಷ ನಿಮ್ಮ ನಾಬ್‌ನ ಥ್ರೆಡ್ ಬೇರೆ, ಲಿವರ್‌ನ ಥ್ರೆಡ್ ಬೇರೆ. ಸ್ಪ್ಯಾನರ್ ಹಿಡಿದು ಇನ್ನೂ ಮೂರು ಸುತ್ತು ತಿರುಗಿಸಲು ಸಾಧ್ಯವಾಗಬಹುದು, ಆದರೆ ಆ ಮೂರು ಸುತ್ತುಗಳಲ್ಲಿ ಲಿವರ್‌ನ ಥ್ರೆಡ್ ಕೆತ್ತಿಹೋಗುತ್ತದೆ. ನಾಬ್ ಹಾಳಾದರೆ ಇನ್ನೊಂದು ತರಬಹುದು. ಲಿವರ್‌ನ ಥ್ರೆಡ್ ಹೋದರೆ ಹೊಸ ನಾಬ್ ಮಾತ್ರವಲ್ಲ, ಹಳೆಯದೂ ಕೂರುವುದಿಲ್ಲ. ಆಗ ಎರಡು ಸೀಟುಗಳ ನಡುವಿನ ಕನ್ಸೋಲ್ ಬಿಚ್ಚಿ ಇಡೀ ಲಿವರನ್ನೇ ಬದಲಿಸುವ ಕೆಲಸ ಬೀಳುತ್ತದೆ. ಆದ್ದರಿಂದ ಎಲ್ಲಿ ಬಿಗಿಯಿತೋ ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿ ಬಿಚ್ಚಿ, ಲಿವರ್‌ನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಥ್ರೆಡ್‌ನ ಏಣುಗಳ ಮೇಲೆ ಹೊಸದಾಗಿ ಹೊಳೆಯುವ ಗೆರೆ ಅಥವಾ ಬೆರಳಿಗೆ ಅಂಟುವ ಸಣ್ಣ ಲೋಹದ ಪುಡಿ ಕಂಡರೆ ಕೆತ್ತುವಿಕೆ ಆಗಲೇ ಆರಂಭವಾಗಿದೆ ಎಂದರ್ಥ. ಅಷ್ಟರಲ್ಲೇ ನಿಲ್ಲಿಸಿದ್ದರೆ ಸಾಮಾನ್ಯವಾಗಿ ಅಪಾಯವೇನೂ ಆಗಿರುವುದಿಲ್ಲ.

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ನಾಬ್ ಆರಿಸುವಾಗ ತಪ್ಪಾಗುವುದಿಲ್ಲ. ಥ್ರೆಡ್‌ಗೆ ಎರಡು ಅಳತೆಗಳಿವೆ. ಒಂದು ಅದರ ಹೊರವ್ಯಾಸ, ಇನ್ನೊಂದು ಪಿಚ್, ಅಂದರೆ ಒಂದು ಏಣಿನಿಂದ ಮುಂದಿನ ಏಣಿಗಿರುವ ದೂರ. ಎಂ10×1.25 ಎಂದು ಬರೆದಿದ್ದರೆ ವ್ಯಾಸ 10 ಮಿ.ಮೀ., ಪಿಚ್ 1.25 ಮಿ.ಮೀ. ಎಂದು ಓದಬೇಕು. ಹೊಂಡಾ ಕಾರುಗಳಲ್ಲಿ ಸಾಮಾನ್ಯವಾಗಿ ಎಂ10×1.5, ಮಾಜ್ದಾ, ನಿಸ್ಸಾನ್ ಮತ್ತು ಮಿತ್ಸುಬಿಷಿ ಕಾರುಗಳಲ್ಲಿ ಎಂ10×1.25, ಟೊಯೊಟಾ ಮತ್ತು ಸುಬಾರು ಕಾರುಗಳಲ್ಲಿ ಎಂ12×1.25 ಬಳಕೆಯಲ್ಲಿವೆ. ಒಂದೇ ಕಂಪನಿಯ ಮಾದರಿಗಳಲ್ಲೂ ವರ್ಷದಿಂದ ವರ್ಷಕ್ಕೆ ವ್ಯತ್ಯಾಸ ಇರಬಹುದಾದ ಕಾರಣ ಕಂಪನಿಯ ಹೆಸರನ್ನಷ್ಟೇ ನಂಬಿ ಕೊಳ್ಳುವುದು ಸರಿಯಲ್ಲ. ಇವುಗಳಲ್ಲಿ ಹೆಚ್ಚು ಮೋಸ ಮಾಡುವುದು 10 ಮಿ.ಮೀ. ವ್ಯಾಸದ ಜೋಡಿ. 12 ಮಿ.ಮೀ. ಲಿವರ್‌ಗೆ 10 ಮಿ.ಮೀ. ನಾಬ್ ಹಿಡಿದರೆ ಅದು ಒಳಗೇ ಹೋಗುವುದಿಲ್ಲವಾದ್ದರಿಂದ ತಪ್ಪು ತಕ್ಷಣ ಗೊತ್ತಾಗುತ್ತದೆ. ವ್ಯಾಸ ಒಂದೇ ಆಗಿ ಪಿಚ್ ಮಾತ್ರ ಬೇರೆಯಾದರೆ ಮೊದಲ ಸುತ್ತು ಸಲೀಸಾಗಿ ಹೋಗುತ್ತದೆ, ಏಕೆಂದರೆ ಥ್ರೆಡ್‌ಗಳ ನಡುವೆ ತುಸು ಸಡಿಲ ಇದ್ದೇ ಇರುತ್ತದೆ. ಆದರೆ ಪ್ರತಿ ಏಣಿಗೂ 0.25 ಮಿ.ಮೀ. ವ್ಯತ್ಯಾಸ ಸೇರುತ್ತಾ ಹೋಗಿ, ಎರಡು ಸುತ್ತು ಮುಗಿಯುವಷ್ಟರಲ್ಲಿ ಅದು ಅರ್ಧ ಮಿ.ಮೀ. ಆಗಿ, ಇದ್ದ ಸಡಿಲವನ್ನೆಲ್ಲ ನುಂಗಿ ಬಿಗಿದುಕೊಳ್ಳುತ್ತದೆ. ನೀವು ವಿವರಿಸಿದ ಲಕ್ಷಣ ಇದಕ್ಕೆ ತಕ್ಕಂತಿದೆ.

ಆದರೂ ಕಾರಣ ಇದೇ ಎಂದು ನಿರ್ಧರಿಸುವ ಮೊದಲು ಹಳೆಯ ನಾಬನ್ನು ಮತ್ತೆ ಲಿವರ್‌ಗೆ ಹಾಕಿ ನೋಡಿ. ಅದು ಬೆರಳ ತುದಿಯ ಬಲಕ್ಕೇ ಪೂರ್ತಿ ಕೆಳಗಿಳಿದರೆ ಲಿವರ್‌ನ ಥ್ರೆಡ್ ಚೆನ್ನಾಗಿದೆ, ತಪ್ಪಿರುವುದು ಹೊಸ ನಾಬ್‌ನ ಅಳತೆಯಲ್ಲಿ. ಹಳೆಯದೂ ಒಂದು ನಿರ್ದಿಷ್ಟ ಜಾಗದಲ್ಲಿ ತಡೆದರೆ ಅಲ್ಲಿ ಹಳೆಯ ಅಂಟು ಒಣಗಿ ಕೂತಿರಬಹುದು ಅಥವಾ ಏಣು ಜಜ್ಜಿರಬಹುದು. ಕಾರ್ಖಾನೆಯಲ್ಲಿ ಹಚ್ಚಿದ ಥ್ರೆಡ್ ಲಾಕರ್, ಅಂದರೆ ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು, ಒಣಗಿದ ಮೇಲೆ ಬಣ್ಣದ ಪುಡಿಯಂತೆ ಥ್ರೆಡ್‌ನ ತಗ್ಗುಗಳಲ್ಲಿ ಉಳಿದಿರುತ್ತದೆ. ಹಿತ್ತಾಳೆಯ ಸಣ್ಣ ಬ್ರಷ್‌ನಿಂದ ಥ್ರೆಡ್ ಸುತ್ತುವ ದಿಕ್ಕಿನಲ್ಲೇ ಉಜ್ಜಿದರೆ ಅದು ಹೋಗುತ್ತದೆ.

ಪಿಚ್ ಅಳೆಯಲು ವಿಶೇಷ ಉಪಕರಣ ಇಲ್ಲದಿದ್ದರೂ ನಡೆಯುತ್ತದೆ. ಮಿಲಿಮೀಟರ್ ಗೆರೆಗಳಿರುವ ಉಕ್ಕಿನ ಸ್ಕೇಲನ್ನು ಲಿವರ್‌ಗೆ ಒತ್ತಿ ಹಿಡಿದು ಫೋಟೊ ತೆಗೆಯಿರಿ, ಅದನ್ನು ದೊಡ್ಡದು ಮಾಡಿ ಏಣುಗಳನ್ನು ಎಣಿಸಿ. 10 ಮಿ.ಮೀ. ಉದ್ದದಲ್ಲಿ ಸರಿಯಾಗಿ 8 ಅಂತರಗಳಿದ್ದರೆ ಪಿಚ್ 1.25, 15 ಮಿ.ಮೀ.ನಲ್ಲಿ 10 ಅಂತರಗಳಿದ್ದರೆ 1.5. ಇನ್ನೂ ಸುಲಭವಾದ ಪರೀಕ್ಷೆಯೊಂದಿದೆ. ಅಂಗಡಿಯಲ್ಲಿ ಕೇವಲ ಎಂ10 ಎಂದು ಕೇಳಿದರೆ ಕೊಡುವ ಸಾಧಾರಣ ನಟ್‌ನ ಪಿಚ್ 1.5 ಆಗಿರುತ್ತದೆ. ಅಂಥದೊಂದು ನಟ್ ಲಿವರ್ ಮೇಲೆ ಬೆರಳಿನಿಂದಲೇ ಕೆಳಗಿನವರೆಗೆ ಓಡಿದರೆ ನಿಮ್ಮದು 1.5, ಎರಡು ಸುತ್ತಿಗೆ ನಿಂತರೆ ಬಹುಮಟ್ಟಿಗೆ 1.25. ಎಂ12ರಲ್ಲಿ ಈ ಉಪಾಯ ನೇರವಾಗಿ ನಡೆಯುವುದಿಲ್ಲ. ಅಲ್ಲಿ ಸಾಧಾರಣ ನಟ್‌ನ ಪಿಚ್ 1.75, ಲಿವರ್‌ಗಳಲ್ಲಿ ಇರುವುದು 1.25, ಆದ್ದರಿಂದ ನಟ್ ಹೋಗಲಿಲ್ಲ ಎಂದು ಗಾಬರಿಯಾಗಬೇಕಿಲ್ಲ. ವರ್ನಿಯರ್ ಕ್ಯಾಲಿಪರ್‌ನಲ್ಲಿ ವ್ಯಾಸ ಅಳೆದಾಗ 10ರ ಬದಲು 9.8 ಎಂದೋ, 12ರ ಬದಲು 11.8 ಎಂದೋ ತೋರಿಸುವುದು ಸಹಜ.

ಪಿಚ್ ಬೇರೆ ಎಂದು ಖಚಿತವಾದರೆ ನಾಬ್ ಹಿಂದಿರುಗಿಸಿ ಸರಿಯಾದ ಥ್ರೆಡ್‌ನದನ್ನು ತರಿಸಿಕೊಳ್ಳುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಅದು ಆಗದಿದ್ದರೆ ನಾಬ್‌ನ ರಂಧ್ರವನ್ನು ಲೇತ್‌ನಲ್ಲಿ ದೊಡ್ಡದು ಮಾಡಿಸಿ, ಒಳಗೆ ನಿಮ್ಮ ಲಿವರ್‌ನ ಥ್ರೆಡ್ ಇರುವ ಲೋಹದ ಬುಷ್ ಕೂರಿಸಬಹುದು. ಹಲವು ನಾಬ್‌ಗಳಿಗೆ ಇಂಥ ಅಡಾಪ್ಟರ್‌ಗಳು ಸಿದ್ಧವಾಗಿಯೇ ಸಿಗುತ್ತವೆ. 1.5ರ ಥ್ರೆಡ್ ಇರುವ ರಂಧ್ರದೊಳಗೇ 1.25ರ ಟ್ಯಾಪ್, ಅಂದರೆ ಥ್ರೆಡ್ ಕೊರೆಯುವ ಉಪಕರಣ, ಓಡಿಸಿದರೆ ಮಾತ್ರ ಎರಡೂ ಕೆಟ್ಟು, ಏಣುಗಳು ತುಂಡುತುಂಡಾಗಿ, ನಾಬ್‌ಗೆ ಹಿಡಿತವೇ ಇಲ್ಲದಂತಾಗುತ್ತದೆ. ಹಿಡಿತ ಎಷ್ಟಿರಬೇಕು ಎಂಬುದಕ್ಕೆ ನಾನು ಅನುಸರಿಸುವ ಅಳತೆಯೆಂದರೆ ಕನಿಷ್ಠ ಲಿವರ್‌ನ ವ್ಯಾಸದಷ್ಟು ಉದ್ದದ ಥ್ರೆಡ್ ನಾಬ್‌ನೊಳಗೆ ಹೋಗಬೇಕು. ಎಂ10×1.25 ಆದರೆ ಅದು 8 ಪೂರ್ಣ ಸುತ್ತು. ಈಗ ನಿಮ್ಮಲ್ಲಿ ಎರಡು ಸುತ್ತಿಗೆ ಸಿಕ್ಕಿರುವುದು 3 ಮಿ.ಮೀ.ಗಿಂತ ಹೆಚ್ಚಿಲ್ಲ. ಅರ್ಧ ಕಿಲೋ ಉಕ್ಕನ್ನು ಅಷ್ಟರ ಮೇಲೆ ನಿಲ್ಲಿಸಿ ಓಡಿಸುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ಈಗ ರಿವರ್ಸ್ ರಿಂಗ್. ನಿಮ್ಮ ಪತ್ರದ ಮೂರು ಪ್ರಶ್ನೆಗಳಲ್ಲಿ ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುವುದು ಇದನ್ನು, ಏಕೆಂದರೆ ಥ್ರೆಡ್ ತಪ್ಪಿದರೆ ಕೈಗೆ ತಿಳಿಯುತ್ತದೆ, ರಿಂಗ್ ತಪ್ಪಿದರೆ ಅದು ರಸ್ತೆಯಲ್ಲಿ ತಿಳಿಯುತ್ತದೆ. ಆ ರಿಂಗ್ ಲಿವರ್‌ನ ಮೇಲೆ ಜಾರುವ ಒಂದು ಕೊಳವೆಯ ಮೂಲಕವೋ, ಒಳಗಿನ ಸಣ್ಣ ಕೇಬಲ್ ಮೂಲಕವೋ ಕೆಳಗಿನ ಲಾಕ್‌ಗೆ ಸೇರಿರುತ್ತದೆ. ಅದನ್ನು ಎತ್ತಿದಾಗ ಮಾತ್ರ ಕೆಳಗಿನ ಕೊಕ್ಕೆ ತಡೆಯನ್ನು ದಾಟುತ್ತದೆ, ಲಿವರ್ ರಿವರ್ಸ್‌ನ ಸಾಲಿಗೆ ಹೋಗುತ್ತದೆ. ಅಂದರೆ ರಿಂಗ್‌ಗೆ ಮೇಲಕ್ಕೆ ಹೋಗಲು ಪೂರ್ತಿ ಜಾಗ ಬೇಕು, ಬಿಟ್ಟಾಗ ಪೂರ್ತಿ ಕೆಳಗೆ ಬಂದು ಕೂರಲೂ ಬೇಕು. ಹಳೆಯ ನಾಬ್‌ನ ತಳ ಈ ಲೆಕ್ಕಕ್ಕೆ ಸರಿಯಾಗಿ ರೂಪಿಸಿದ್ದು. ಹೊಸ ಗುಂಡು ನಾಬ್ ಹಳೆಯದಕ್ಕಿಂತ ಕೆಳಗೆ ಇಳಿದು ಕೂತರೆ ರಿಂಗ್ ಅರ್ಧ ದೂರ ಎದ್ದು ನಾಬ್‌ನ ತಳಕ್ಕೆ ತಾಗಿ ನಿಲ್ಲುತ್ತದೆ, ರಿವರ್ಸ್ ಬೀಳುವುದೇ ಇಲ್ಲ. ಅದು ಕಿರಿಕಿರಿಯಷ್ಟೇ. ನಿಜವಾದ ಅಪಾಯ ಇದಕ್ಕೆ ವಿರುದ್ಧವಾದದ್ದು: ನಾಬ್ ಅಥವಾ ಅದರ ಕೆಳಗಿನ ಅಡಾಪ್ಟರ್ ರಿಂಗನ್ನು ಎಲ್ಲೋ ಸಿಕ್ಕಿಸಿಕೊಂಡು ಸದಾ ಎತ್ತಿದ ಸ್ಥಿತಿಯಲ್ಲೇ ಹಿಡಿದಿಟ್ಟರೆ ಲಾಕ್ ಇದ್ದೂ ಇಲ್ಲದಂತಾಗುತ್ತದೆ. ರಿವರ್ಸ್ ಒಂದನೆಯ ಗೇರಿನ ಪಕ್ಕದಲ್ಲಿರುವ ಕಾರಿನಲ್ಲಿ, ಸಿಗ್ನಲ್ ಬಿಟ್ಟ ಕೂಡಲೇ ಅವಸರದಲ್ಲಿ ಒಂದನೆಯದೆಂದು ತಳ್ಳಿದ ಲಿವರ್ ರಿವರ್ಸ್‌ಗೆ ಬಿದ್ದರೆ ಹಿಂದೆ ನಿಂತವರ ಗತಿ ಏನಾದೀತು ಎಂದು ಯೋಚಿಸಿ.

ಆದ್ದರಿಂದ ಹಳೆಯ ನಾಬ್ ಹಾಕಿರುವಾಗಲೇ ಎರಡು ಅಳತೆ ಬರೆದಿಟ್ಟುಕೊಳ್ಳಿ. ರಿಂಗ್ ಕೆಳಗೆ ಕೂತಿರುವಾಗ ಅದರ ಮೇಲಂಚಿಗೂ ನಾಬ್‌ನ ತಳಕ್ಕೂ ಇರುವ ಅಂತರ ಎಷ್ಟು, ಪೂರ್ತಿ ಎತ್ತಿದಾಗ ರಿಂಗ್ ಏರುವ ದೂರ ಎಷ್ಟು ಎಂಬುದು. ಹೊಸ ನಾಬ್ ಕೂರಿಸಿದ ಮೇಲೆ ಆ ಏರುವ ದೂರಕ್ಕಿಂತ 2–3 ಮಿ.ಮೀ. ಹೆಚ್ಚು ಜಾಗ ಉಳಿಯಬೇಕು. ಉಳಿಯದಿದ್ದರೆ ನಿಮ್ಮ ಕಾರಿನ ಮಾದರಿಗೆಂದೇ ಮಾಡಿದ ರಿವರ್ಸ್ ರಿಂಗ್ ಅಡಾಪ್ಟರ್ ಬೇಕಾಗುತ್ತದೆ. ಅದು ನಾಬನ್ನು ತುಸು ಮೇಲಕ್ಕೆತ್ತಿ, ಕೆಲವು ಮಾದರಿಗಳಲ್ಲಿ ಹೊಸ ರಿಂಗನ್ನೂ ತಾನೇ ಒಳಗೊಂಡಿರುತ್ತದೆ. ನಾಬ್ ಬಿಚ್ಚಿದ ಮೇಲೆ ರಿಂಗ್‌ನ ಕೆಳಗಿನ ಸಣ್ಣ ಸ್ಪ್ರಿಂಗ್ ಅಥವಾ ಪ್ಲಾಸ್ಟಿಕ್ ತುಂಡು ಸಡಿಲವಾಗಿ ಈಚೆ ಬರುವುದುಂಟು. ಯಾವುದು ಯಾವುದರ ಮೇಲಿತ್ತು ಎಂಬುದು ಮರೆತುಹೋಗುತ್ತದೆ, ಆದ್ದರಿಂದ ಒಂದೊಂದು ಭಾಗ ತೆಗೆಯುವ ಮೊದಲು ಫೋಟೊ ತೆಗೆದುಕೊಳ್ಳಿ. ಲಿವರನ್ನೇ ಕೆಳಕ್ಕೆ ಒತ್ತಿ ರಿವರ್ಸ್ ಹಾಕುವ ಕಾರುಗಳಲ್ಲಿ ಈ ತೊಂದರೆ ಇಲ್ಲ. ಅಲ್ಲಿ ನಾಬ್‌ನ ನೆತ್ತಿ ಅಂಗೈಗೆ ಚುಚ್ಚದಂತಿದ್ದರೆ ಸಾಕು.

ಇನ್ನು ಭಾರದ ಪ್ರಶ್ನೆ. ನಿಮ್ಮ ಗೆಳೆಯರು ಹೇಳುವುದರಲ್ಲಿ ಒಂದು ಚೂರು ನಿಜವಿದೆ, ಉಳಿದದ್ದು ಅನಗತ್ಯ ಭಯ. ಮೊದಲು ಭಾರವನ್ನೇ ಲೆಕ್ಕ ಹಾಕೋಣ. 50 ಮಿ.ಮೀ. ವ್ಯಾಸದ ಗುಂಡಿನ ಗಾತ್ರ ಸುಮಾರು 65 ಘನ ಸೆಂಟಿಮೀಟರ್. ಅದನ್ನು ಉಕ್ಕಿನಲ್ಲಿ ಮಾಡಿದರೆ ಸುಮಾರು 510 ಗ್ರಾಂ, ಟೈಟಾನಿಯಂನಲ್ಲಿ 295, ಅಲ್ಯೂಮಿನಿಯಂನಲ್ಲಿ 177, ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಲ್ಲಿ 92 ಗ್ರಾಂ ಬರುತ್ತದೆ. ಥ್ರೆಡ್‌ನ ರಂಧ್ರಕ್ಕೆ ಇವುಗಳಲ್ಲಿ ತುಸು ಕಳೆಯಬೇಕು. ನಿಮ್ಮ ನಾಬ್ ಬಹುಶಃ ಇದೇ ಗಾತ್ರದ ಗಟ್ಟಿ ಉಕ್ಕಿನ ಗುಂಡು. ಲಿವರ್ ನೆಟ್ಟಗೆ ನಿಂತಿರುವಾಗ ಈ ಭಾರ ನೇರವಾಗಿ ಕೆಳಕ್ಕೆ, ಲಿವರ್‌ನ ಬುಡದ ಮೇಲೆ ಇಳಿಯುತ್ತದೆಯೇ ಹೊರತು ಗೇರುಗಳನ್ನು ಯಾವ ದಿಕ್ಕಿಗೂ ತಳ್ಳುವುದಿಲ್ಲ. ಗೇರ್ ಹಾಕಿ ಲಿವರ್ 10 ಡಿಗ್ರಿ ವಾಲಿದಾಗ ಆ ಅರ್ಧ ಕಿಲೋ ಭಾರದಿಂದ ವಾಲಿದ ದಿಕ್ಕಿಗೆ ಬೀಳುವ ಬಲ 87 ಗ್ರಾಂ ತೂಕದಷ್ಟು ಮಾತ್ರ. ಗೇರ್‌ಬಾಕ್ಸ್‌ನೊಳಗೆ ಪ್ರತಿ ಗೇರನ್ನೂ ಅದರ ಜಾಗದಲ್ಲಿ ಹಿಡಿದಿಡಲು ಸ್ಪ್ರಿಂಗ್ ಒತ್ತಿದ ಗುಂಡುಗಳು ಗುಳಿಗಳಲ್ಲಿ ಕೂತಿರುತ್ತವೆ. ಅವು ಚೆನ್ನಾಗಿರುವವರೆಗೆ 87 ಗ್ರಾಂ ಒಂದು ಲೆಕ್ಕವೇ ಅಲ್ಲ.

ಶಿಫ್ಟ್ ಫೋರ್ಕ್‌ಗಳನ್ನು, ಅಂದರೆ ಗೇರ್‌ಬಾಕ್ಸ್‌ನೊಳಗೆ ಗೇರ್ ಬದಲಿಸುವ ಕವಲು ತುಂಡುಗಳನ್ನು, ನಿಜವಾಗಿಯೂ ಸವೆಸುವುದು ಕೈ. ಗೇರ್ ಹಾಕಿದ ಮೇಲೂ ಅಂಗೈಯನ್ನು ನಾಬ್ ಮೇಲೆ ಹೊರೆಯಾಗಿ ಬಿಟ್ಟು ಓಡಿಸುವ ಅಭ್ಯಾಸ ಹಲವರಿಗಿದೆ. ಆಗ ಅಲ್ಲಾಡದ ಫೋರ್ಕ್ ತಿರುಗುತ್ತಿರುವ ಸ್ಲೀವ್‌ನ, ಅಂದರೆ ಅದು ಸರಿಸುವ ಬಳೆಯ, ಅಂಚಿಗೆ ಸದಾ ಉಜ್ಜುತ್ತಿರುತ್ತದೆ. ಗುಂಡನೆಯ, ತಂಪಾದ, ಭಾರದ ನಾಬ್ ಕೈಗೆ ಅಷ್ಟು ಹಿತವಾಗಿರುವುದರಿಂದ ಈ ಅಭ್ಯಾಸ ಹೆಚ್ಚುತ್ತದೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಗೆಳೆಯರ ಎಚ್ಚರಿಕೆಯನ್ನು ಈ ಅರ್ಥದಲ್ಲಿ ಮಾತ್ರ ಸ್ವೀಕರಿಸಿ.

ಹಾಗಾದರೆ ಭಾರದಿಂದ ಲಾಭವೇನು? ಲಿವರ್‌ನ ತುದಿಯಲ್ಲಿ ತೂಕ ಹೆಚ್ಚಿದಂತೆ, ಒಮ್ಮೆ ಚಲಿಸಲು ಆರಂಭಿಸಿದ ಲಿವರ್ ಅದೇ ವೇಗದಲ್ಲಿ ಮುಂದುವರಿಯಲು ನೋಡುತ್ತದೆ. ನಡುವೆ ಬರುವ ಸಣ್ಣಪುಟ್ಟ ತಡೆಗಳನ್ನು, ಅಂದರೆ ಗುಳಿಯ ಅಂಚು, ಲಿವರನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಲಿಂಕೇಜ್‌ನ ಘರ್ಷಣೆ ಇವುಗಳನ್ನು, ಕೈಯ ಬದಲು ಆ ತೂಕವೇ ದಾಟಿಸುವುದರಿಂದ ಗೇರ್ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಬಿತ್ತು ಎನಿಸುತ್ತದೆ. ಲಿವರ್‌ನ ಸಣ್ಣ ನಡುಕವೂ ಕೈಗೆ ಕಡಿಮೆ ತಿಳಿಯುತ್ತದೆ. ಆದರೆ ಸಿಂಕ್ರೊನೈಸರ್ ಎರಡು ಭಾಗಗಳ ವೇಗವನ್ನು ಸರಿದೂಗಿಸಲು ತೆಗೆದುಕೊಳ್ಳುವ ಸಮಯವನ್ನು ನಾಬ್ ಅಳಿಸಿಹಾಕಲಾರದು. ಭಾರದ ನಾಬ್ ಇದೆಯೆಂದು ಅದನ್ನು ಎಸೆದಂತೆ ಬಡಿದು ಗೇರ್ ಬದಲಿಸಿದರೆ ಆ ಹೊಡೆತ ಸಿಂಕ್ರೊನೈಸರ್‌ನ ರಿಂಗ್‌ಗಳ ಮೇಲೇ ಬೀಳುತ್ತದೆ.

ಭಾರದ ನಾಬ್ ಹಾಕಬಾರದ ಕಾರುಗಳೂ ಇವೆ. ಲಿಂಕೇಜ್‌ನ ಬುಷ್‌ಗಳು ಸವೆದು ಲಿವರ್ ನ್ಯೂಟ್ರಲ್‌ನಲ್ಲಿ ಗಂಜಿಯೊಳಗಿನ ಸೌಟಿನಂತೆ ಆಡುತ್ತಿದ್ದರೆ, ಅಥವಾ ಹಳ್ಳ ದಿಣ್ಣೆಯಲ್ಲಿ ಗೇರ್ ತಾನಾಗಿ ಈಚೆ ಜಿಗಿಯುತ್ತಿದ್ದರೆ, ಮೊದಲು ಅದನ್ನು ರಿಪೇರಿ ಮಾಡಿಸಿ. ಗುಂಡಿಯಲ್ಲಿ ಚಕ್ರ ಇಳಿದಾಗ ಲಿವರ್ ತುದಿಯ ತೂಕವೂ ಜೊತೆಗೆ ಕುಲುಕುತ್ತದೆ. ಸವೆದ ಗುಳಿಗೆ ಆ ಕುಲುಕಾಟ ಸಾಕಾಗಬಹುದು. ಹಾಗೆಯೇ ಕೆಲವು ಲಿವರ್‌ಗಳಲ್ಲಿ ನಡುಕ ತಡೆಯಲೆಂದು ಮೇಲಿನ ತುಂಡು ಮತ್ತು ಕೆಳಗಿನ ತುಂಡಿನ ನಡುವೆ ರಬ್ಬರ್ ಕೂರಿಸಿರುತ್ತಾರೆ. ಅಂಥ ಲಿವರ್ ಮೇಲೆ ಅರ್ಧ ಕಿಲೋ ಇಟ್ಟರೆ ನಾಬ್ ತೊನೆದಾಡುತ್ತದೆ, ರಬ್ಬರ್ ಬೇಗ ಹರಿಯುತ್ತದೆ. ಇಂಜಿನ್ ಆಫ್ ಮಾಡಿ, ಬೂಟ್, ಅಂದರೆ ಲಿವರ್‌ನ ಸುತ್ತ ಹೊದಿಸಿದ ಚೀಲದಂಥ ಹೊದಿಕೆಯನ್ನು ಕೆಳಗೆ ಸರಿಸಿ, ಲಿವರ್‌ನ ಬುಡವನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ತುದಿಯನ್ನು ಅಲ್ಲಾಡಿಸಿ ನೋಡಿ. ತುದಿ ಮಾತ್ರ ಬಾಗಿದಂತೆ ಅನಿಸಿದರೆ ಒಳಗೆ ರಬ್ಬರ್ ಇದೆ; ಆಗ 200 ಗ್ರಾಂ ಒಳಗಿನ ನಾಬ್‌ಗೆ ತೃಪ್ತಿಪಡುವುದು ಒಳ್ಳೆಯದು.

ಜನ ತೂಕದ ಬಗ್ಗೆ ಇಷ್ಟು ಚರ್ಚೆ ಮಾಡಿ ಎತ್ತರವನ್ನು ಮರೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಪ್ರತಿದಿನ ಕೈಗೆ ತಿಳಿಯುವ ವ್ಯತ್ಯಾಸ ಎತ್ತರದ್ದೇ. ಲಿವರ್ ತಿರುಗುವ ಕೇಂದ್ರದಿಂದ ನಿಮ್ಮ ಅಂಗೈ ಇರುವ ಜಾಗ 250 ಮಿ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಹೊಸ ನಾಬ್ ಗಿಡ್ಡವಾಗಿ ಅದು 220 ಮಿ.ಮೀ.ಗೆ ಇಳಿದರೆ ಕೈ ಸರಿಯಬೇಕಾದ ದೂರ 12 ಪ್ರತಿಶತ ಕಡಿಮೆಯಾಗುತ್ತದೆ, ಆದರೆ ಹಾಕಬೇಕಾದ ಬಲ ಸುಮಾರು 14 ಪ್ರತಿಶತ ಹೆಚ್ಚುತ್ತದೆ. ನಾಬ್ ಎತ್ತರವಾದರೆ ಇದರ ತಿರುವುಮುರುವು. ಪೇಟೆ ಸುತ್ತಾಟದಲ್ಲಿ ದಿನಕ್ಕೆ ನೂರಾರು ಸಲ ಗೇರ್ ಬದಲಿಸುವವರು, ಮಣಿಕಟ್ಟು ಅಥವಾ ಭುಜದ ನೋವಿರುವವರು ಗಿಡ್ಡ ನಾಬ್ ಆರಿಸುವ ಮುನ್ನ ಎರಡು ಸಲ ಯೋಚಿಸಬೇಕು. ಸೀಟಿನಲ್ಲಿ ಕೂತು, ಬೆನ್ನು ಒರಗಿಸಿಕೊಂಡೇ ಮೂರು ಮತ್ತು ಐದನೆಯ ಗೇರಿನ ಜಾಗಕ್ಕೆ ಕೈ ಚಾಚಿ ನೋಡಿ. ಭುಜ ಸೀಟಿನಿಂದ ಏಳಬೇಕಾಗಿ ಬಂದರೆ ಆ ಎತ್ತರ ನಿಮಗಲ್ಲ.

ಲೋಹದ ನಾಬ್ ಬಿಸಿಲಿನಲ್ಲಿ ಕೈ ಸುಡುತ್ತದೆ, ಚಳಿಯಲ್ಲಿ ಕೈ ಕೊರೆಯುತ್ತದೆ. ಅದೇ ಉಷ್ಣತೆಯಲ್ಲಿರುವ ಮರ ಅಥವಾ ಅಸಿಟಾಲ್ ಮುಟ್ಟಿದರೆ ಅಷ್ಟು ಸುಡುವುದಿಲ್ಲ, ಏಕೆಂದರೆ ಅವು ತಮ್ಮ ಬಿಸಿಯನ್ನು ಚರ್ಮಕ್ಕೆ ನಿಧಾನವಾಗಿ ಬಿಟ್ಟುಕೊಡುತ್ತವೆ. ಕಾರು ನೆರಳಿನಲ್ಲಿ ನಿಲ್ಲುವಂತಿಲ್ಲವಾದರೆ ಒಳಗೆ ಉಕ್ಕಿನ ಗಟ್ಟಿ, ಹೊರಗೆ ಅಸಿಟಾಲ್ ಅಥವಾ ಚರ್ಮ ಇರುವ ನಾಬ್ ನೋಡಿ. ನಿಮ್ಮ ಉಕ್ಕಿನ ಗುಂಡನ್ನೇ ಉಳಿಸಿಕೊಳ್ಳುವುದಾದರೆ ನಿಲ್ಲಿಸಿದಾಗ ಮೇಲೊಂದು ಬಟ್ಟೆ ಹೊದಿಸಿದರೆ ಸಾಕು.

ಸರಿಯಾದ ಥ್ರೆಡ್‌ನ ನಾಬ್ ಕೈಗೆ ಬಂದ ಮೇಲೆ ಅಳವಡಿಕೆ ಅರ್ಧ ಗಂಟೆಯ ಕೆಲಸ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೊಂದು ಅಡ್ಡಗಟ್ಟೆ ಇಡಿ. ಲಿವರನ್ನು ಎರಡು ಅಥವಾ ನಾಲ್ಕನೆಯ ಗೇರಿಗೆ ಎಳೆದಿಟ್ಟರೆ ನಾಬ್ ಡ್ಯಾಶ್‌ಬೋರ್ಡ್‌ನಿಂದ ದೂರ ಬಂದು ಕೈ ಆಡಿಸಲು ಜಾಗವಾಗುತ್ತದೆ. ಮೊದಲು ತೆಳುವಾದ ಲಾಕ್ ನಟ್ ಹಾಕಿ ಕೆಳಗೆ ಓಡಿಸಿ. ಎಂ10 ಅಳತೆಯಲ್ಲಿ ಇಂಥ ನಟ್‌ನ ದಪ್ಪ 5 ಮಿ.ಮೀ. ಆದ್ದರಿಂದ ಥ್ರೆಡ್ ಹೆಚ್ಚು ನಷ್ಟವಾಗುವುದಿಲ್ಲ. ನಟ್‌ನ ಮೂಲೆಗಳು ರಿವರ್ಸ್ ರಿಂಗ್‌ನ ಕೊಳವೆಗೆ ತಾಗುತ್ತವೆಯೇ ಎಂಬುದನ್ನು ಇಲ್ಲೇ ನೋಡಿಕೊಳ್ಳಿ; ತಾಗಿದರೆ ನಟ್ ಬದಲು ನಾನು ಹೇಳಿದ ಅಡಾಪ್ಟರ್ ಬೇಕು. ಆಮೇಲೆ ನಾಬನ್ನು ಬೆರಳಿನಿಂದಲೇ ತಿರುಗಿಸಿ, ಎಂಟು ಸುತ್ತುಗಳನ್ನು ಎಣಿಸಿ, ಬೇಕಾದ ಎತ್ತರದಲ್ಲಿ ಗೇರಿನ ನಕ್ಷೆ ನಿಮ್ಮ ಕಡೆ ನೇರವಾಗಿ ಬರುವಂತೆ ನಿಲ್ಲಿಸಿ. ಒಂದು ಕೈಯಲ್ಲಿ ನಾಬನ್ನು ಅಲ್ಲಾಡದಂತೆ ಹಿಡಿದು, ಲಾಕ್ ನಟ್ಟನ್ನು ಸ್ಪ್ಯಾನರ್‌ನಿಂದ ಮೇಲಕ್ಕೆ ತಂದು ನಾಬ್‌ನ ತಳಕ್ಕೆ ಒತ್ತಿ ಬಿಗಿಯಿರಿ. ನಕ್ಷೆ ಓರೆಯಾಯಿತೆಂದು ನಟ್ ಬಿಗಿದ ಮೇಲೆ ನಾಬನ್ನು ಹಿಂದಕ್ಕೆ ತಿರುಗಿಸಿದರೆ ಬಿಗಿ ಪೂರ್ತಿ ಹೋಗುತ್ತದೆ. ನಟ್ ಸಡಿಲಿಸಿ ಮತ್ತೆ ಮೊದಲಿನಿಂದ ಮಾಡಬೇಕು. ಬಿಗಿಯುವ ಬಲವೆಲ್ಲ ನಾಬ್ ಮತ್ತು ನಟ್‌ನ ನಡುವೆಯೇ ಇರಲಿ, ಲಿವರನ್ನು ತಿರುಚುವಂತಾಗಬಾರದು, ಏಕೆಂದರೆ ಆ ತಿರುಚುವಿಕೆ ಕೆಳಗಿನ ಬುಷ್‌ಗಳಿಗೆ ತಲುಪುತ್ತದೆ.

ಥ್ರೆಡ್ ಲಾಕರ್ ಹಚ್ಚಬೇಕೇ ಎಂದು ಬಹಳ ಜನ ಕೇಳುತ್ತಾರೆ. ಲಾಕ್ ನಟ್ ಇದ್ದರೆ ಬೇಕಿಲ್ಲ. ಇಲ್ಲದಿದ್ದರೆ ಮಧ್ಯಮ ಬಲದ, ಸಾಮಾನ್ಯವಾಗಿ ನೀಲಿ ಬಣ್ಣದ ದ್ರವದ ಒಂದು ಹನಿ ಸಾಕು. ಕೆಂಪು ಬಣ್ಣದ್ದು ಶಾಶ್ವತ ಜೋಡಣೆಗೆ ಇರುವಂಥದ್ದು. ಅದನ್ನು ಬಿಡಿಸಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕಾಗುತ್ತದೆ, ಆ ಬಿಸಿಗೆ ಬೂಟ್, ರಿಂಗ್, ಪ್ಲಾಸ್ಟಿಕ್ ಯಾವುದೂ ಉಳಿಯದು. ನಾಬ್‌ನ ಥ್ರೆಡ್ ಪ್ಲಾಸ್ಟಿಕ್‌ನದೇ ಆಗಿದ್ದರೆ ಈ ದ್ರವ ತಾಗಿಸಲೇಬೇಡಿ, ಹಲವು ಬಗೆಯ ಪ್ಲಾಸ್ಟಿಕ್ ಅದರಿಂದ ಸಣ್ಣಗೆ ಬಿರುಕು ಬಿಡುತ್ತದೆ. ಫೆವಿಕ್ವಿಕ್‌ನಂಥ ಅಂಟೂ ಬೇಡ.

ಥ್ರೆಡ್ ಹೊಂದದೆ ಬೇಸತ್ತ ಹಲವರು ಕೊನೆಗೆ ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ನಾಬ್ ತರುತ್ತಾರೆ. ಅದರಲ್ಲಿ ಥ್ರೆಡ್ ಇರುವುದಿಲ್ಲ, ಲಿವರ್ ಸುತ್ತ ಒಂದು ಪ್ಲಾಸ್ಟಿಕ್ ತೋಳು ಹಾಕಿ ಪಕ್ಕದಿಂದ ಮೂರು ಗ್ರಬ್ ಸ್ಕ್ರೂಗಳನ್ನು (ತಲೆಯಿಲ್ಲದ ಸಣ್ಣ ತಿರುಪುಗಳನ್ನು) ಅಲೆನ್ ಕೀಯಿಂದ ಒತ್ತಿ ಬಿಗಿಯಬೇಕು. ಹಲವು ವರ್ಷಗಳ ಹಿಂದೆ ನಾನೂ ಅಂಥದೊಂದನ್ನು ಹಾಕಿ, ಚೆನ್ನಾಗಿ ಬಿಗಿದಿದ್ದೇನೆಂದೇ ತಿಳಿದು, ವಾರಗಟ್ಟಲೆ ಓಡಿಸಿದ್ದೆ. ಒಂದು ದಿನ ಇಳಿಜಾರಿನ ತಿರುವಿನಲ್ಲಿ ಮೂರರಿಂದ ಎರಡಕ್ಕೆ ಎಳೆದಾಗ ನಾಬ್ ಕೈಗೇ ಬಂತು. ಲಿವರ್ ನ್ಯೂಟ್ರಲ್‌ನಲ್ಲಿ ಉಳಿಯಿತು, ಕಾರು ಇಂಜಿನ್‌ನ ಹಿಡಿತವಿಲ್ಲದೆ ಇಳಿಯತೊಡಗಿತು. ಬ್ರೇಕ್ ಒತ್ತಿ ಪಕ್ಕಕ್ಕೆ ನಿಲ್ಲಿಸುವಷ್ಟು ಜಾಗ ಇದ್ದದ್ದರಿಂದ ಏನೂ ಆಗಲಿಲ್ಲ. ಆಮೇಲೆ ಬಿಚ್ಚಿ ನೋಡಿದರೆ ಮೂರು ಸ್ಕ್ರೂಗಳೂ ಪ್ಲಾಸ್ಟಿಕ್ ತೋಳಿನಲ್ಲಿ ಬಟಾಣಿ ಕಾಳಿನಷ್ಟು ಗುಳಿ ಮಾಡಿಕೊಂಡು ಅದರೊಳಗೇ ಸಡಿಲವಾಗಿ ಕೂತಿದ್ದವು; ಬಿಸಿಲಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಸ್ಕ್ರೂಗೆ ದಾರಿ ಬಿಟ್ಟುಕೊಟ್ಟಿತ್ತು. ಅಂದಿನಿಂದ ಥ್ರೆಡ್ ಇರುವ ಲಿವರ್‌ಗೆ ಥ್ರೆಡ್ ಇರುವ ನಾಬ್ ಬಿಟ್ಟು ಬೇರೆಯದನ್ನು ನಾನು ಯಾರಿಗೂ ಸೂಚಿಸಿಲ್ಲ.

ಕೆಲವು ಕಾರುಗಳಲ್ಲಿ ಲಿವರ್‌ಗೆ ಥ್ರೆಡ್ಡೇ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಬಿಎಂಡಬ್ಲ್ಯೂನ ಹಲವು ಮಾದರಿಗಳಲ್ಲಿ ನಾಬ್ ಒತ್ತಿ ಕೂರಿಸಿದ್ದು. ಅದನ್ನು ನೇರ ಮೇಲಕ್ಕೆ ಎಳೆದು ತೆಗೆಯಬೇಕು, ಮತ್ತು ಅದು ಥಟ್ಟನೆ ಬಿಟ್ಟುಕೊಂಡು ಮುಖಕ್ಕೆ ಬಡಿಯುವುದರಿಂದ ತಲೆಯನ್ನು ದೂರವಿಟ್ಟುಕೊಳ್ಳಬೇಕು. ಫೋಕ್ಸ್‌ವ್ಯಾಗನ್‌ನ ಹಲವು ಕಾರುಗಳಲ್ಲಿ ಬೂಟ್‌ನ ಕೆಳಗೆ ಅಡಗಿರುವ ಲೋಹದ ಪಟ್ಟಿ ನಾಬನ್ನು ಹಿಡಿದಿರುತ್ತದೆ, ನಾಬ್ ಮತ್ತು ಬೂಟ್ ಒಂದೇ ಜೋಡಿಯಾಗಿ ಬರುತ್ತವೆ. ನಾಬ್‌ನೊಳಗಿಂದ ವೈರ್ ಬಂದಿದ್ದರೆ ಎಳೆಯುವುದನ್ನು ಅಲ್ಲಿಗೇ ನಿಲ್ಲಿಸಿ.

ನಿಮ್ಮ ಬೂಟ್ ಬಗ್ಗೆಯೂ ಗಮನ ಬೇಕು. ಹಳೆಯ ನಾಬ್‌ನ ತಳದ ತೋಡು ಬೂಟ್‌ನ ಮೇಲಿನ ಕುತ್ತಿಗೆಯನ್ನು ಹಿಡಿದಿತ್ತೇ ಎಂದು ನೋಡಿ. ಹಿಡಿದಿದ್ದರೆ ಹೊಸ ನಾಬ್ ಹಾಕಿದ ಮೇಲೆ ಬೂಟ್ ಕಾಲಿನಿಂದ ಜಾರಿದ ಕಾಲ್ಚೀಲದಂತೆ ಲಿವರ್‌ನ ಬುಡಕ್ಕೆ ಕುಸಿಯುತ್ತದೆ. ನೋಟ ಕೆಡುವುದಷ್ಟೇ ಅಲ್ಲ, ಕೆಳಗಿನ ಶಬ್ದ ಮತ್ತು ಧೂಳು ಒಳಬರುತ್ತದೆ, ಮಡಿಕೆಗಳು ರಿವರ್ಸ್ ರಿಂಗ್‌ಗೆ ಸಿಕ್ಕಿಕೊಳ್ಳುತ್ತವೆ. ಲಿವರ್ ಮೇಲೆ ಹಾಕುವ ಬೂಟ್ ಹಿಡಿಕೆಯ ಬಳೆ ಪ್ರತ್ಯೇಕವಾಗಿ ಸಿಗುತ್ತದೆ. ಅದನ್ನು ಕೂರಿಸುವಾಗ ಲಿವರನ್ನು ಎಲ್ಲ ಗೇರುಗಳಿಗೂ ತಳ್ಳಿ ನೋಡಿ, ಬೂಟ್ ಯಾವ ಮೂಲೆಯಲ್ಲೂ ಸೆಟೆದು ಎಳೆಯಬಾರದು. ಎಳೆದರೆ ಅದು ಲಿವರನ್ನು ನ್ಯೂಟ್ರಲ್ ಕಡೆಗೆ ಸದಾ ಜಗ್ಗುತ್ತಿರುತ್ತದೆ.

ಗುಂಡು ನಾಬ್‌ನ ಮೇಲೆ ಗೇರಿನ ನಕ್ಷೆ ಕೆತ್ತಿಲ್ಲದಿದ್ದರೆ ಇನ್ನೊಂದು ವಿಷಯ. ಗೇರಿನ ನಕ್ಷೆ ಚಾಲಕನಿಗೆ ಕಾಣುವಂತಿರಬೇಕೆಂಬ ನಿಯಮ ಕೆಲವೆಡೆ ಇದೆ. ಅಮೆರಿಕದ ವಾಹನ ಸುರಕ್ಷತಾ ಮಾನದಂಡ 102 ಇದನ್ನೇ ಹೇಳುತ್ತದೆ. ನಿಯಮ ಇರಲಿ ಬಿಡಲಿ, ನಿಮ್ಮ ಕಾರನ್ನು ಮನೆಯವರೋ ಮೆಕ್ಯಾನಿಕ್ಕೋ ಓಡಿಸುವ ದಿನ ರಿವರ್ಸ್ ಎಲ್ಲಿದೆ ಎಂದು ಅವರಿಗೆ ತಿಳಿಯಬೇಕು. ಡ್ಯಾಶ್‌ಬೋರ್ಡ್ ಮೇಲೆ ಅಂಟಿಸುವ ಸಣ್ಣ ನಕ್ಷೆ ಹಾಕಿ.

ಎಲ್ಲ ಮುಗಿದ ಮೇಲೆ ಇಂಜಿನ್ ಆಫ್ ಇರುವಾಗಲೇ ಕ್ಲಚ್ ಒತ್ತಿ ಒಂದರಿಂದ ಕೊನೆಯವರೆಗೂ, ರಿವರ್ಸ್‌ಗೂ, ಹತ್ತು ಹತ್ತು ಸಲ ಹಾಕಿ ತೆಗೆಯಿರಿ. ಒಂದು, ಮೂರು ಮತ್ತು ಐದರಲ್ಲಿ ಬೆರಳ ಗೆಣ್ಣು ಡ್ಯಾಶ್‌ಬೋರ್ಡ್‌ಗೆ ತಾಗುತ್ತದೆಯೇ, ಎರಡು ಮತ್ತು ನಾಲ್ಕರಲ್ಲಿ ನಾಬ್ ಕನ್ಸೋಲ್‌ಗೆ ಬಡಿಯುತ್ತದೆಯೇ ನೋಡಿ. ರಿಂಗ್ ಎತ್ತದೆ ರಿವರ್ಸ್‌ಗೆ ತಳ್ಳಲು ಪ್ರಯತ್ನಿಸಿ, ಲಿವರ್ ಹೋಗಲೇಬಾರದು. ಇಷ್ಟು ಸರಿಯಿದ್ದರೆ ಖಾಲಿ ಜಾಗದಲ್ಲಿ ಓಡಿಸಿ ನೋಡಿ, ಅನಂತರ ರಸ್ತೆಗಿಳಿಯಿರಿ. ಲಾಕ್ ನಟ್ ಮತ್ತು ನಾಬ್‌ನ ತಳ ಸೇರುವಲ್ಲಿ ಪೆನ್ನಿನಿಂದ ಒಂದು ಅಡ್ಡಗೆರೆ ಎಳೆದಿಡಿ. ಮೊದಲ ವಾರದ ಕೊನೆಗೊಮ್ಮೆ, ತಿಂಗಳ ಕೊನೆಗೊಮ್ಮೆ ಅದನ್ನು ನೋಡಿ. ಗೆರೆ ಎರಡು ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ನಟ್ ಸಡಿಲಾಗಿದೆ, ಅಂದೇ ಮತ್ತೆ ಬಿಗಿಯಿರಿ.